ಆ್ಯಪ್ ಹೋಗೇತಿ, ಟಿವಿ ಹೋಗಿಲ್ಲ: ಹಳೇ ಸ್ಮಾರ್ಟ್ ಟಿವಿ ಉಳಿಸಿಕೊಳ್ಳುವ ಪಾಠ

ರೋಣ, ನರಗುಂದ, ಗಜೇಂದ್ರಗಡ ಕಡೆಯಿಂದ ಎಂಜಿನಿಯರಿಂಗ್ ಓದಲಿಕ್ಕೆ ಬಂದವರಿಗೆ ಸೂಟಿಗೆ ಊರಿಗೆ ಹೋದಾಗ ಒಂದು ಕೆಲಸ ಕಾಯ್ದುಕೊಂಡೇ ಇರುತ್ತದೆ. "ತಮ್ಮಾ, ಟಿವಿಯಾಗ ಸಿನಿಮಾದ ಆ್ಯಪ್ ಬರವಲ್ದು, ಏನಾಗೇತಿ ನೋಡು" ಅಂತ ಅವ್ವ ರಿಮೋಟ್ ಕೈಗೆ ಕೊಡುತ್ತಾಳೆ. ಅಂಗಡಿಯವರನ್ನು ಕೇಳಿದರೆ ಒಂದೇ ಉತ್ತರ: "ಮಾಡೆಲ್ ಹಳೇದಾತ್ರಿ, ಎಕ್ಸ್‌ಚೇಂಜ್ ಮಾಡಿಬಿಡ್ರಿ." ಕಡಲೆಯೋ ಉಳ್ಳಾಗಡ್ಡಿಯೋ ಮಾರಿದ ದುಡ್ಡಿನಲ್ಲಿ, ಇಲ್ಲವೇ ಕಂತಿನ ಮೇಲೆ ತಂದ ಟಿವಿ ಅದು. ಚಿತ್ರ ಚೆನ್ನಾಗಿದೆ, ದನಿ ಚೆನ್ನಾಗಿದೆ, ಆದರೂ ಗುಜರಿಗೆ ಹೋಗುವ ಸರದಿಯಲ್ಲಿ ನಿಂತಿದೆ. ಮನೆಯಲ್ಲಿ ಎಂಜಿನಿಯರಿಂಗ್ ಓದುವವರು ಇದ್ದಾರೆ ಅಂದಮೇಲೆ "ಹೊಸಾದು ತಗೊಳ್ಳೋದ, ಬ್ಯಾಡ?" ಅನ್ನುವ ತೀರ್ಪು ನಿಮ್ಮ ಮೇಲೇ ಬೀಳುತ್ತದೆ. ತೀರ್ಪು ಕೊಡುವ ಮೊದಲು ಪರೀಕ್ಷೆ ಮಾಡಬೇಕಲ್ಲ? ಅದು ಹೇಗೆ ಅನ್ನುವುದೇ ಈ ಪಾಠ.

ಒಂದು ಡಬ್ಬಿ, ಎರಡು ಯಂತ್ರ

ಸ್ಮಾರ್ಟ್ ಟಿವಿ ಅಂದರೆ ಒಂದೇ ಡಬ್ಬಿಯಲ್ಲಿ ಎರಡು ಯಂತ್ರ. ಒಂದು, ಪರದೆ: ಎಲ್‌ಸಿಡಿ ಪ್ಯಾನಲ್, ಅದರ ಹಿಂದೆ ಎಲ್ಇಡಿ ಬೆಳಕು, ಸ್ಪೀಕರ್, ಪವರ್ ಸಪ್ಲೈ. ಇನ್ನೊಂದು, ಸಣ್ಣ ಕಂಪ್ಯೂಟರ್: ಪ್ರೊಸೆಸರ್, ಒಂದಿಷ್ಟು ರ‍್ಯಾಮ್, ಒಂದಿಷ್ಟು ಸ್ಟೋರೇಜ್, ಅದರ ಮೇಲೆ ಟೈಜನ್, ವೆಬ್‌ಓಎಸ್ ಅಥವಾ ಆಂಡ್ರಾಯ್ಡ್ ಟಿವಿಯಂಥ ಆಪರೇಟಿಂಗ್ ಸಿಸ್ಟಮ್. ಪರದೆ ಹತ್ತು ವರ್ಷ ಆರಾಮಾಗಿ ಬಾಳಬಲ್ಲದು. ಒಳಗಿನ ಕಂಪ್ಯೂಟರ್ ಹಾಗಲ್ಲ, ಅದಕ್ಕೆ ಫೋನಿನಷ್ಟೇ ಆಯುಷ್ಯ. ಫೋನನ್ನಾದರೂ ನಾವು ನಾಲ್ಕು ವರ್ಷಕ್ಕೊಮ್ಮೆ ಬದಲಿಸುತ್ತೇವೆ. ಟಿವಿಯೊಳಗಿನ ಕಂಪ್ಯೂಟರ್ ಬದಲಿಸುವ ದಾರಿಯನ್ನು ಕಂಪನಿಗಳು ಇಟ್ಟಿಲ್ಲ.

ಹಂಗಾಗಿ "ಟಿವಿ ಕೆಟ್ಟೈತಿ" ಅಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಕೆಟ್ಟದ್ದು ಎರಡರಲ್ಲಿ ಯಾವುದು?

ಬೆಂಬಲ ಯಾಕೆ ನಿಲ್ಲುತ್ತದೆ?

ಇದಕ್ಕೆ ಕಾರಣಗಳು ನಾಲ್ಕು. ನಾಲ್ಕಕ್ಕೂ ನಿಜವಾದ ಉದಾಹರಣೆ ಇವೆ.

ಒಂದು, ಎಪಿಐ ಬದಲಾವಣೆ. 2015ರ ಏಪ್ರಿಲ್‌ನಲ್ಲಿ ಯೂಟ್ಯೂಬ್ ತನ್ನ ಹಳೆಯ ಡೇಟಾ ಎಪಿಐ ಎರಡನೇ ಆವೃತ್ತಿಯನ್ನು ನಿಲ್ಲಿಸಿತು. 2012ರ ಆಸುಪಾಸಿನ ಮತ್ತು ಅದಕ್ಕಿಂತ ಹಿಂದಿನ ಅನೇಕ ಟಿವಿಗಳಲ್ಲಿ ಯೂಟ್ಯೂಬ್ ಅವತ್ತಿನಿಂದ ಬಂದ್ ಆಯಿತು.

ಎರಡು, ಡಿಆರ್‌ಎಂ, ಅಂದರೆ ಸಿನಿಮಾ ನಕಲಾಗದಂತೆ ಹಾಕುವ ಬೀಗ. 2010–11ರ ಕೆಲವು ಸ್ಯಾಮ್‌ಸಂಗ್ ಟಿವಿಗಳಲ್ಲಿ 2019ರ ಡಿಸೆಂಬರ್‌ನಿಂದ ನೆಟ್‌ಫ್ಲಿಕ್ಸ್ ನಿಂತಿತು. ಆ ಟಿವಿಗಳಿಗೆ ಗೊತ್ತಿದ್ದದ್ದು ವಿಂಡೋಸ್ ಮೀಡಿಯಾ ಡಿಆರ್‌ಎಂ ಅನ್ನುವ ಹಳೇ ಬೀಗ. ನೆಟ್‌ಫ್ಲಿಕ್ಸ್ ಹೊಸ ಬೀಗಕ್ಕೆ ಹೋಗಿತ್ತು.

ಮೂರು, ಸರ್ಟಿಫಿಕೇಟ್. ಸರ್ವರ್ ಅಸಲಿಯೋ ನಕಲಿಯೋ ಅಂತ ತಿಳಿಯಲು ಟಿವಿಯೊಳಗೆ ಒಂದು ರೂಟ್ ಸರ್ಟಿಫಿಕೇಟ್ ಪಟ್ಟಿ ಇರುತ್ತದೆ, ಪ್ರತಿಯೊಂದಕ್ಕೂ ಅವಧಿ ಇರುತ್ತದೆ. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಬಳಸುತ್ತಿದ್ದ ಒಂದು ಹಳೇ ರೂಟ್‌ನ ಅವಧಿ ಮುಗಿದಾಗ, ಅಪ್‌ಡೇಟ್ ಕಾಣದ ಎಷ್ಟೋ ಹಳೇ ಸಾಧನಗಳಿಗೆ ಅನೇಕ ಸರ್ವರ್‌ಗಳ ಜೊತೆ ಮಾತು ಬಿಟ್ಟುಹೋಯಿತು.

ನಾಲ್ಕು, ವ್ಯವಹಾರ. 2025ರ ಫೆಬ್ರುವರಿಯಲ್ಲಿ ಜಿಯೋಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಸೇರಿ ಜಿಯೋಹಾಟ್‌ಸ್ಟಾರ್ ಆದವು. ಹೀಗೆ ಆ್ಯಪ್‌ಗಳೇ ಬದಲಾದಾಗ ಪ್ರತಿ ಹಳೇ ಮಾಡೆಲ್‌ಗೂ ಹೊಸ ಆ್ಯಪ್ ಬರೆದು, ಪರೀಕ್ಷಿಸಿ, ನಡೆಸಿಕೊಂಡು ಹೋಗುವ ಖರ್ಚು ಯಾವ ಕಂಪನಿಗೂ ಬೇಡ.

ನಾಲ್ಕೂ ಕಾರಣ ಒಳಗಿನ ಕಂಪ್ಯೂಟರಿಗೆ ಸೇರಿದ್ದು. ಪರದೆಗೆ ಇವುಗಳ ಗೊಡವೆಯೇ ಇಲ್ಲ.

ಮೊದಲು ರೋಗ ಯಾವುದು ನೋಡ್ರಿ

ದುಡ್ಡು ಖರ್ಚು ಮಾಡುವ ಮೊದಲು ಈ ಐದು ಪರೀಕ್ಷೆ ಮಾಡಿ. ಅರ್ಧ ತಾಸು ಸಾಕು.

1. ದಿನಾಂಕ ನೋಡಿ. ಕರೆಂಟ್ ಹೋಗಿ ಬಂದು ಟಿವಿಯ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗಿ ಕುಂತಿರಬಹುದು. ದಿನಾಂಕ ತಪ್ಪಿದ್ದರೆ ಸರಿಯಾದ ಸರ್ಟಿಫಿಕೇಟ್ ಕೂಡ ಟಿವಿಗೆ ಸುಳ್ಳಾಗಿ ಕಾಣುತ್ತದೆ, "ನೆಟ್‌ವರ್ಕ್ ಎರರ್" ಅಂತ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ, ವೇಳೆ ಸರಿಪಡಿಸಿ.

2. ವೈಫೈ ಬ್ಯಾಂಡ್ ನೋಡಿ. ಹಳೇ ಟಿವಿಗಳಲ್ಲಿ ಬಹಳಷ್ಟಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಹೊಸ ಫೋನಿನ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಅದು ಟಿವಿಯ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 2.4 ಆರಿಸಿ. ಸೆಕ್ಯುರಿಟಿ ಡಬ್ಲ್ಯುಪಿಎ3 ಮಾತ್ರ ಅಂತಿದ್ದರೆ ಡಬ್ಲ್ಯುಪಿಎ2ಗೆ ಇಳಿಸಿ.

3. ಒಂದು ಆ್ಯಪ್ ನಿಂತಿದೆಯೋ, ಎಲ್ಲವೂ ನಿಂತಿವೆಯೋ? ಎಲ್ಲ ನಿಂತಿದ್ದರೆ ದಿನಾಂಕ, ನೆಟ್‌ವರ್ಕ್ ಅಥವಾ ಸರ್ಟಿಫಿಕೇಟ್ ತೊಂದರೆ. ಒಂದೇ ನಿಂತಿದ್ದರೆ ಆ ಆ್ಯಪ್‌ನ ಬೆಂಬಲ ಮುಗಿದಿರಬಹುದು.

4. ಜಾಗ ಖಾಲಿ ಮಾಡಿ. ಬಳಸದ ಆ್ಯಪ್ ತೆಗೆದು, ಕ್ಯಾಷ್ ಅಳಿಸಿ, ಪ್ಲಗ್ ಕಿತ್ತು ಎರಡು ನಿಮಿಷ ಬಿಟ್ಟು ಮತ್ತೆ ಹಾಕಿ. ರಿಮೋಟಿನಿಂದ ಆರಿಸಿದರೆ ಟಿವಿ ಪೂರ್ತಿ ಆರುವುದಿಲ್ಲ, ನಿದ್ದೆಗೆ ಹೋಗುತ್ತದೆ ಅಷ್ಟೇ.

5. ಸಾಫ್ಟ್‌ವೇರ್ ಅಪ್‌ಡೇಟ್. ಟಿವಿ ತಾನೇ ಹುಡುಕಿ ಸಿಗದಿದ್ದರೆ, ಹಿಂಬದಿಯ ಸ್ಟಿಕರ್ ಮೇಲಿನ ಪೂರ್ತಿ ಮಾಡೆಲ್ ನಂಬರ್ ಬರೆದುಕೊಂಡು ಕಂಪನಿಯ ಸಪೋರ್ಟ್ ಪುಟದಿಂದ ಫೈಲ್ ಇಳಿಸಿ ಪೆನ್‌ಡ್ರೈವ್ ಮೂಲಕ ಹಾಕಬಹುದು. ಬೇರೆ ಮಾಡೆಲ್‌ನ ಫೈಲ್ ಮಾತ್ರ ಹಾಕಬೇಡಿ. ಅಪ್‌ಡೇಟ್ ನಡೆವಾಗ ಕರೆಂಟ್ ಹೋಗದ ಹೊತ್ತು ನೋಡಿಕೊಳ್ಳಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಮೇಲೇ ಮಾಡಿ.

ಐದೂ ಆದಮೇಲೂ ಆ್ಯಪ್ ಏಳಲಿಲ್ಲ ಅಂದರೆ ಒಳಗಿನ ಕಂಪ್ಯೂಟರನ್ನು ನಿವೃತ್ತಿ ಮಾಡಿ. ಟಿವಿಯನ್ನಲ್ಲ.

ಮಿದುಳು ಹೊರಗಿಡ್ರಿ

ಎಚ್‌ಡಿಎಂಐ ಕಿಂಡಿ ಇದೆಯೋ ನೋಡಿ. ಇದ್ದರೆ ಗೂಗಲ್ ಟಿವಿ ಅಥವಾ ಫೈರ್ ಟಿವಿ ತರದ ಒಂದು ಸ್ಟಿಕ್ ಚುಚ್ಚಿದರೆ ಟಿವಿ ಬರೇ ಪರದೆಯಾಗುತ್ತದೆ, ಸ್ಟಿಕ್ ಅದರ ಮಿದುಳಾಗುತ್ತದೆ. ಇನ್ನು ಐದು ವರ್ಷಕ್ಕೆ ಬೆಂಬಲ ನಿಂತರೆ ಸ್ಟಿಕ್ ಬದಲಿಸುತ್ತೀರಿ. ಮನೆಗೆ ಫೈಬರ್ ಸಂಪರ್ಕ ಇದ್ದರೆ, ಅದರ ಜೊತೆ ಸೆಟ್‌ಟಾಪ್ ಬಾಕ್ಸ್ ಕೊಡುತ್ತಾರೋ ಮೊದಲು ಕೇಳಿ. ಸ್ಟಿಕ್ಕಿನ ದುಡ್ಡೂ ಉಳಿಯಬಹುದು. ಹಾಸ್ಟೆಲ್‌ನಲ್ಲಿ ಧೂಳು ತಿನ್ನುತ್ತಿರುವ ಹಳೇ ಲ್ಯಾಪ್‌ಟಾಪ್ ಕೂಡ ಇದೇ ಕೆಲಸ ಮಾಡುತ್ತದೆ.

ಇಲ್ಲಿ ನಾಲ್ಕು ಎಂಜಿನಿಯರಿಂಗ್ ಮಾತು.

ಪವರ್: ಎಚ್‌ಡಿಎಂಐನಲ್ಲಿ 5 ವೋಲ್ಟ್ ತಂತಿ ಒಂದಿದೆ. ಆದರೆ ಅದು ಸ್ಟಿಕ್‌ನಿಂದ ಟಿವಿ ಕಡೆ ಹೋಗುವಂಥದ್ದು, ಹಾಗಾಗಿ ಸ್ಟಿಕ್‌ಗೆ ಅದರಿಂದ ಪವರ್ ಸಿಗುವುದಿಲ್ಲ. ಇನ್ನು ಟಿವಿಯ ಯುಎಸ್‌ಬಿ 2.0 ಕಿಂಡಿಯ ಮಿತಿ 500 ಮಿಲಿಆಂಪ್, ಅಂದರೆ 2.5 ವ್ಯಾಟ್. ಸ್ಟಿಕ್ ಅದಕ್ಕಿಂತ ಹೆಚ್ಚು ಬೇಡಿದಾಗ ನಡುವೆ ತಾನೇ ರೀಸ್ಟಾರ್ಟ್ ಆಗುತ್ತದೆ. ಡಬ್ಬಿಯಲ್ಲಿ ಬಂದ ಅಡಾಪ್ಟರನ್ನು ಗೋಡೆಗೇ ಹಾಕಿ.

ರೆಸಲ್ಯೂಶನ್: ಹಳೇ 32 ಇಂಚಿನ ಎಚ್‌ಡಿ ರೆಡಿ ಟಿವಿಯಲ್ಲಿ ಸಾಮಾನ್ಯವಾಗಿ 1366 × 768, ಅಂದರೆ ಸುಮಾರು 10.5 ಲಕ್ಷ ಬಿಂದು. 4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ. 4ಕೆ ಸ್ಟಿಕ್ ಹಾಕಿದರೆ ಈ ಟಿವಿ 4ಕೆ ಆಗುವುದಿಲ್ಲ. ಲ್ಯಾಪ್‌ಟಾಪ್ ಜೋಡಿಸಿದಾಗ ಅಂಚು ಕತ್ತರಿಸಿದಂತೆ ಕಂಡರೆ ಅದು ಓವರ್‌ಸ್ಕ್ಯಾನ್; ಟಿವಿಯ ಪಿಕ್ಚರ್ ಸೈಜ್‌ನಲ್ಲಿ "ಜಸ್ಟ್ ಸ್ಕ್ಯಾನ್" ಅಥವಾ "ಸ್ಕ್ರೀನ್ ಫಿಟ್" ಹುಡುಕಿ.

ರಿಮೋಟ್: ಮನೆಯಲ್ಲಿ ಅಜ್ಜಿಗೆ ಎರಡು ರಿಮೋಟ್ ಕೊಟ್ಟರೆ ನಿಮ್ಮ ಪ್ರಾಜೆಕ್ಟ್ ಫೇಲ್. ಎಚ್‌ಡಿಎಂಐ-ಸಿಇಸಿ ಚಾಲೂ ಮಾಡಿದರೆ ಹಳೇ ರಿಮೋಟಿನಿಂದಲೇ ಸ್ಟಿಕ್ ನಡೆಸಬಹುದು. ಸಿಇಸಿ ಅನ್ನುವ ಹೆಸರಿನಿಂದ ಹುಡುಕಿದರೆ ಎಷ್ಟೋ ಸಲ ಸಿಗುವುದಿಲ್ಲ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್.

ಅಗ್ಗದ ಬಾಕ್ಸ್: ಹೆಸರು-ದೆಸೆ ಇಲ್ಲದ "ಆಂಡ್ರಾಯ್ಡ್ ಬಾಕ್ಸ್" ಬೇಡ. ಅವುಗಳಲ್ಲಿ ಬಹಳಷ್ಟಕ್ಕೆ ವೈಡ್‌ವೈನ್ ಎಲ್1 ಮಾನ್ಯತೆ ಇರುವುದಿಲ್ಲ, ಹೀಗಾಗಿ ನೆಟ್‌ಫ್ಲಿಕ್ಸ್‌ನಂಥವು ಮಸುಕು ಚಿತ್ರವನ್ನೇ ಕೊಡುತ್ತವೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದು: ಇಂಥ ಬಾಕ್ಸ್‌ಗಳಲ್ಲಿ ಫ್ಯಾಕ್ಟರಿಯಿಂದಲೇ ಮಾಲ್‌ವೇರ್ ಬರುತ್ತಿದೆ ಎಂದು ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಬ್ಯಾಡ್‌ಬಾಕ್ಸ್ 2.0 ಹೆಸರಿನಲ್ಲಿ ಎಚ್ಚರಿಸಿದೆ. ಅಪ್ಪನ ಫೋನ್‌ಪೇ ಇರುವ ವೈಫೈನಲ್ಲೇ ಅದೂ ಕುಂತಿರುತ್ತದೆ ಅನ್ನುವುದು ನೆನಪಿರಲಿ.

ನೆಟ್ ಇಲ್ಲದಾಗ ಪೆನ್‌ಡ್ರೈವ್

ಹೊಲದ ಮನೆಯಲ್ಲಿ, ಸಿಗ್ನಲ್ ಇಲ್ಲದ ಹಳ್ಳಿಯಲ್ಲಿ ಸ್ಟಿಕ್ ಕೂಡ ಸುಮ್ಮನೆ. ಆದರೆ ಹಳೇ ಟಿವಿಯ ಯುಎಸ್‌ಬಿ ಪ್ಲೇಯರ್‌ಗೆ ಯಾರ ಬೆಂಬಲವೂ ಬೇಡ. ಮದುವೆ ವಿಡಿಯೋ, ನೀವು ರೆಕಾರ್ಡ್ ಮಾಡಿದ ಜಾತ್ರೆ, ಕಾಲೇಜಿನ ಪಾಠಗಳು ಎಲ್ಲ ಓಡುತ್ತವೆ. ಓಡಲಿಲ್ಲ ಅಂದರೆ ಕಾರಣ ಬಹುತೇಕ ಮೂರೇ: ಫೈಲ್ ಎಚ್‌ಇವಿಸಿ ಅಥವಾ ಎವಿ1 ಕೋಡೆಕ್‌ನಲ್ಲಿದೆ, ದನಿ ಡಿಟಿಎಸ್‌ನಲ್ಲಿದೆ, ಇಲ್ಲವೇ ಪೆನ್‌ಡ್ರೈವ್ ಟಿವಿಗೆ ಗೊತ್ತಿಲ್ಲದ ಫಾರ್ಮ್ಯಾಟ್‌ನಲ್ಲಿದೆ. ಎಚ್‌ಇವಿಸಿ ಬಂದದ್ದು 2013ರಲ್ಲಿ, ಎವಿ1 ಬಂದದ್ದು 2018ರಲ್ಲಿ. ಅದಕ್ಕೂ ಮೊದಲು ತಯಾರಾದ ಚಿಪ್‌ಗೆ ಅವು ತಿಳಿಯುವುದು ಹೇಗೆ? ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ತಂತ್ರಾಂಶದಲ್ಲಿ ವಿಡಿಯೋವನ್ನು ಎಚ್.264ಗೆ, ದನಿಯನ್ನು ಎಎಸಿಗೆ ಬದಲಿಸಿ. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ.

ಕನ್ನಡ ಸಂಘದವರು ಗಮನಿಸಬೇಕಾದ ಒಂದು ಮಾತು: ಕನ್ನಡ ಸಬ್‌ಟೈಟಲ್. ಹಳೇ ಟಿವಿಯಲ್ಲಿ ಅದು ಚೌಕಾಕಾರದ ಡಬ್ಬಿಗಳಾಗಿ ಅಥವಾ ಒತ್ತಕ್ಷರ ಚದುರಿ ಕಾಣಬಹುದು. ಫೈಲ್ ತಪ್ಪಿರುವುದಿಲ್ಲ. 'ಕ್ಷ' ಅನ್ನುವ ಒಂದು ಅಕ್ಷರ ಯೂನಿಕೋಡ್‌ನಲ್ಲಿ ಮೂರು ಸಂಕೇತ (ಕ, ಹಲಂತ, ಷ), ಯುಟಿಎಫ್-8ರಲ್ಲಿ 9 ಬೈಟ್. ಆ ಮೂರನ್ನು ಸೇರಿಸಿ ಒಂದು ಆಕಾರ ಕೊಡಲು ಫಾಂಟ್ ಬೇಕು, ಅದನ್ನು ಜೋಡಿಸುವ ತಂತ್ರಾಂಶವೂ ಬೇಕು. ಎರಡೂ ಇಲ್ಲದ ಟಿವಿಗೆ ಉಪಾಯ: ಹ್ಯಾಂಡ್‌ಬ್ರೇಕ್‌ನಲ್ಲಿ "ಬರ್ನ್ ಇನ್" ಆರಿಸಿ ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚು ಹಾಕುವುದು. ಆಗ ಟಿವಿಗೆ ಕನ್ನಡ ಬರದಿದ್ದರೂ ನಡೆಯುತ್ತದೆ.

ತಿಂಗಳ ಬಿಲ್ ಇಲ್ಲದ ದಾರಿ: ಡಿಡಿ ಫ್ರೀ ಡಿಶ್

ಮನೆಯವರಿಗೆ ಬೇಕಾದ್ದು ಸುದ್ದಿ ಮತ್ತು ಡಿಡಿ ಚಂದನ ಅಷ್ಟೇ ಆಗಿದ್ದರೆ ಆ್ಯಪ್ ಯಾಕೆ ಬೇಕು? 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಹೆಸರಿನಲ್ಲಿ ಶುರುವಾದ ದೂರದರ್ಶನದ ಈ ಸೇವೆಗೆ ತಿಂಗಳ ಬಾಡಿಗೆ ಇಲ್ಲ. ಡಿಶ್ ಮತ್ತು ಸೆಟ್‌ಟಾಪ್ ಬಾಕ್ಸ್‌ಗೆ ಒಮ್ಮೆ ಕೊಟ್ಟರೆ ಮುಗೀತು.

ಡಿಶ್ ತಿರುಗಿಸುವುದು ನಿಮಗೊಂದು ಒಳ್ಳೇ ಲೆಕ್ಕ. ಉಪಗ್ರಹ ಜಿಸ್ಯಾಟ್-15, ಭೂಮಧ್ಯರೇಖೆಯ ಮೇಲೆ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ರೋಣ ಸುಮಾರು 15.7 ಡಿಗ್ರಿ ಉತ್ತರ, 75.7 ಡಿಗ್ರಿ ಪೂರ್ವ. ರೇಖಾಂಶದ ವ್ಯತ್ಯಾಸ 17.8 ಡಿಗ್ರಿ. ಅದರ ಟ್ಯಾನ್ ಬೆಲೆಯನ್ನು 15.7ರ ಸೈನ್ ಬೆಲೆಯಿಂದ ಭಾಗಿಸಿದರೆ ಸುಮಾರು 1.19, ಅದಕ್ಕೆ ತಕ್ಕ ಕೋನ 50 ಡಿಗ್ರಿ. 180ರಿಂದ ಕಳೆದರೆ 130: ಅಂದರೆ ಉತ್ತರದಿಂದ ಪೂರ್ವದ ಕಡೆಗೆ 130 ಡಿಗ್ರಿ, ಆಗ್ನೇಯ ದಿಕ್ಕು. ನೆಲದಿಂದ ಎತ್ತರದ ಕೋನ ಸುಮಾರು 62 ಡಿಗ್ರಿ. ನರಗುಂದಕ್ಕೂ ಗಜೇಂದ್ರಗಡಕ್ಕೂ ಈ ಸಂಖ್ಯೆಗಳಲ್ಲಿ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬರುವುದಿಲ್ಲ, ಬೇಕಾದರೆ ಲೆಕ್ಕ ಮಾಡಿ ನೋಡಿ. ಫೋನಿನ ದಿಕ್ಸೂಚಿ ಸಾಕು. ಆದರೆ ಮನೆಗಳ ಮೇಲಿನ ಸಣ್ಣ ಡಿಶ್ ಆಫ್‌ಸೆಟ್ ಬಗೆಯದು, ಹಾಗಾಗಿ ನೋಡಲಿಕ್ಕೆ 62ಕ್ಕಿಂತ ನೆಟ್ಟಗೆ ನಿಂತಂತೆ ಕಾಣುತ್ತದೆ. ಕಂಬಿಯ ಮೇಲಿನ ಗುರುತಿಗೆ ಹೊಂದಿಸಿ, ಆಮೇಲೆ ಸಿಗ್ನಲ್ ಮೀಟರ್ ನೋಡುತ್ತ ಕೂದಲೆಳೆಯಷ್ಟು ಅಲ್ಲಾಡಿಸಿ.

ಪರದೆಯೇ ಕೆಟ್ಟರೆ?

ದನಿ ಬರುತ್ತದೆ, ಚಿತ್ರ ಕಪ್ಪು. ಆಗ ಕತ್ತಲಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಹಿಡಿಯಿರಿ. ಚಿತ್ರ ಮಬ್ಬಾಗಿ ಕಂಡರೆ ಪ್ಯಾನಲ್ ಬದುಕಿದೆ, ಹಿಂದಿನ ಬೆಳಕು ಹೋಗಿದೆ. ಎಲ್ಇಡಿ ಪಟ್ಟಿ ಅಥವಾ ಅದರ ಡ್ರೈವರ್ ರಿಪೇರಿ ಆಗುವ ಕೆಲಸ. ಪ್ಯಾನಲ್ ಒಡೆದಿದ್ದರೆ ರಿಪೇರಿ ಖರ್ಚು ಹೆಚ್ಚಾಗಿ ಹೊಸ ಟಿವಿಯ ಹತ್ತಿರ ಹೋಗುತ್ತದೆ, ಆಗ ಬಿಟ್ಟುಬಿಡಿ. ನೀವೇ ಬಿಚ್ಚಬೇಡಿ: ಪ್ಲಗ್ ತೆಗೆದ ಮೇಲೂ ಪವರ್ ಸಪ್ಲೈನ ಕೆಪಾಸಿಟರ್‌ನಲ್ಲಿ ಅಪಾಯದ ವೋಲ್ಟೇಜ್ ಉಳಿದಿರಬಹುದು.

ಕೊನೆಗೂ ಎಸೆಯಬೇಕಾದರೆ ಗುಜರಿ ಗಾಡಿಗೆ ಹಾಕಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಟಿವಿಯೂ ಇದೆ. ಎಲ್ಇಡಿಗೂ ಮೊದಲಿನ ಎಲ್‌ಸಿಡಿ ಟಿವಿಗಳ ಬೆಳಕಿನ ಕೊಳವೆಯಲ್ಲಿ ಪಾದರಸ ಇರುತ್ತದೆ. ಊರ ಹೊರಗೆ ಸುಟ್ಟರೆ ಅದು ನಮ್ಮ ಗಾಳಿಗೇ ಬರುವುದು.

ಸೂಟಿಯ ಹೋಂವರ್ಕ್

1. ಮನೆಯ ಟಿವಿಯ ಮಾಡೆಲ್ ನಂಬರ್, ರೆಸಲ್ಯೂಶನ್, ಎಚ್‌ಡಿಎಂಐ ಕಿಂಡಿಗಳ ಸಂಖ್ಯೆ ಬರೆದುಕೊಳ್ಳಿ.

2. ಮೇಲಿನ ಐದು ಪರೀಕ್ಷೆ ಕ್ರಮವಾಗಿ ಮಾಡಿ, ಯಾವುದರಲ್ಲಿ ಸರಿಹೋಯಿತು ಅಂತ ಗುರುತು ಹಾಕಿ.

3. ಸ್ಟಿಕ್ ಹಾಕಿದಿರಾ? ಹಾಗಾದರೆ ಟಿವಿಯ ಒಳಗಿನ ಆ್ಯಪ್‌ಗಳಿಂದ ಎಲ್ಲ ಖಾತೆ ಲಾಗೌಟ್ ಮಾಡಿ, ಟಿವಿಯ ವೈಫೈ ಆರಿಸಿ. ಅಪ್‌ಡೇಟ್ ಸಿಗದ ಯಂತ್ರ ಇಂಟರ್‌ನೆಟ್ ಮೇಲೆ ಇರುವುದು ಬೀಗ ಇಲ್ಲದ ಬಾಗಿಲಿದ್ದಂತೆ.

4. ಅಕ್ಕಪಕ್ಕದ ಮನೆಯವರಿಗೂ ಇದೇ ಪರೀಕ್ಷೆ ಮಾಡಿಕೊಡಿ. "ಎಕ್ಸ್‌ಚೇಂಜ್ ಮಾಡ್ರಿ" ಅನ್ನುವ ಮಾತಿಗೆ ಒಪ್ಪುವ ಮೊದಲು ಅವರ ಕೈಯಲ್ಲಿ ಇನ್ನೊಂದು ಉತ್ತರ ಇರಲಿ.