ಪುಟ್ಟನ ಹೌದು, ಪುಟ್ಟನ ಇಲ್ಲ

ಮಗ ತೀರಿಕೊಂಡ ವಾರದಲ್ಲಿ ಮಾತಾಡಿಸಲು ಬಂದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು: “ಬಿಡಮ್ಮಾ, ಅವನಿಗೂ ಬಿಡುಗಡೆ ಆಯ್ತು, ನಿನಗೂ ಆಯ್ತು.” ಕೆಟ್ಟದ್ದು ಬಯಸಿ ಹೇಳಿದವರಲ್ಲ. ನಾನು ಆಸ್ಪತ್ರೆಯಲ್ಲಿದ್ದಾಗ ಮನೆಗೆ ಸಾರು, ಮುದ್ದೆ ಕಳಿಸಿದವರೇ ಅವರು. ತಲೆಯಾಡಿಸಿದೆ. ಆದರೆ ಆ ಮಾತು ಗಂಟಲಲ್ಲೇ ಉಳಿಯಿತು.

ನಮ್ಮದು ಅರಸೀಕೆರೆ. ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಪುಟ್ಟ ಹುಟ್ಟಿದಾಗ ಅಳಲಿಲ್ಲ. ಎಂಟು ತಿಂಗಳಾದರೂ ಕತ್ತು ನಿಲ್ಲಲಿಲ್ಲ. ಎತ್ತಿಕೊಂಡರೆ ಎರಡೂ ಕಾಲು ನನ್ನ ಕೈಯ ಕತ್ತರಿಯ ಹಾಗೆ ಹೆಣೆದುಕೊಳ್ಳುತ್ತಿದ್ದವು. ಸೆರೆಬ್ರಲ್ ಪಾಲ್ಸಿ ಎಂದರು ವೈದ್ಯರು. ಮೆದುಳಿಗೆ ಆದ ಪೆಟ್ಟು ಮುಂದೆ ಹೆಚ್ಚುವುದಿಲ್ಲ, ಅದನ್ನು ಅಳಿಸುವ ಔಷಧಿಯೂ ಇಲ್ಲ; ಆದರೆ ಬಿಗಿದ ಸ್ನಾಯುಗಳನ್ನು ಹಾಗೇ ಬಿಟ್ಟರೆ ಕೀಲುಗಳು ಮಡಚಿದಲ್ಲೇ ಗಟ್ಟಿಯಾಗುತ್ತವೆ, ವ್ಯಾಯಾಮ ತಪ್ಪಿಸಬೇಡಿ ಎಂದರು. ನನಗೆ ಕೇಳಿಸಿದ್ದು ‘ಔಷಧಿ ಇಲ್ಲ’ ಎಂಬುದಷ್ಟೆ. ಎರಡು ವರ್ಷ ಹರಕೆ, ಎಣ್ಣೆ, ನಾಟಿ ಮದ್ದು ಎಂದು ಅಲೆದೆ. ಇಂಥ ಮಗುವಿಗೆ ವ್ಯಾಯಾಮದ ಫಲ ಹೆಚ್ಚು ಸಿಗುವ ವಯಸ್ಸೇ ಅದು.

ಎರಡನೆಯ ತಪ್ಪು ಊಟದ್ದು. ತೊಡೆಯ ಮೇಲೆ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ ಗಂಜಿ ಸುರಿಯುತ್ತಿದ್ದೆ. ನಮ್ಮತ್ತೆಯೂ ತಮ್ಮ ಮಕ್ಕಳನ್ನು ಹಾಗೇ ಸಾಕಿದ್ದರು. ತಿಂಗಳು ತಿಂಗಳೂ ಎದೆಯಲ್ಲಿ ಗೊರಗೊರ, ಜ್ವರ. ಕಫದ ಮೈ ಎಂದುಕೊಂಡಿದ್ದೆವು. ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸಕೋಶಕ್ಕೆ ಇಳಿಯುತ್ತಿದೆ ಎಂದು ಫಿಸಿಯೋಥೆರಪಿಯ ಹುಡುಗಿ ಹೇಳಿಕೊಟ್ಟಳು. ನೇರ ಕೂರಿಸಿ, ಗದ್ದ ಎದೆಯ ಕಡೆ ಕೊಂಚ ತಗ್ಗಲಿ, ಗಂಜಿ ಮಂದವಾಗಿರಲಿ, ಚಮಚ ಚಿಕ್ಕದಿರಲಿ, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಬಡಗಿಯ ಹತ್ತಿರ ಹಲಸಿನ ಹಲಗೆಯಲ್ಲಿ ಮೂಲೆ ಕುರ್ಚಿ ಮಾಡಿಸಿದೆ. ಎರಡು ಹಲಗೆ ಸೇರುವ ಮೂಲೆಯಲ್ಲಿ ಬೆನ್ನು, ಎರಡೂ ಕಡೆ ಭುಜಕ್ಕೆ ಆಸರೆ, ಸೊಂಟಕ್ಕೊಂದು ಪಟ್ಟಿ. ಐದನೆಯ ವಯಸ್ಸಿನಲ್ಲಿ ಪುಟ್ಟ ಮೊದಲ ಸಲ ಜಗತ್ತನ್ನು ನೆಟ್ಟಗೆ ನೋಡಿದ. ಅಲ್ಲಿಯವರೆಗೆ ಅವನು ಹೆಚ್ಚಾಗಿ ನೋಡಿದ್ದು ನಮ್ಮ ಮನೆಯ ಜಂತೆಗಳನ್ನು.

ವಿಕಲಚೇತನರ ಪ್ರಮಾಣಪತ್ರ ಮಾಡಿಸಲೂ ತಡಮಾಡಿದೆ. ಮಗನಿಗೆ ಹಣೆಪಟ್ಟಿ ಹಚ್ಚಿದ ಹಾಗಾಗುತ್ತದೆ ಎಂಬ ಅಳುಕು. ಯುಡಿಐಡಿ ಕಾರ್ಡು ಬಂದ ಮೇಲೆಯೇ ಮಾಸಾಶನ, ರೈಲಿನ ರಿಯಾಯಿತಿ, ವರ್ಷಕ್ಕೆ 1 ಲಕ್ಷದವರೆಗಿನ ನಿರಾಮಯ ವಿಮೆ ಎಲ್ಲ ದಕ್ಕಿದ್ದು. ಹೆಮ್ಮೆಗೆ ತೆತ್ತ ಬೆಲೆ ನನ್ನದಲ್ಲ, ಅವನದು.

ಆದರೆ ನಾನು ಎಲ್ಲಕ್ಕಿಂತ ತಡವಾಗಿ ಕಲಿತದ್ದು ಬೇರೆ. ಹತ್ತಿರದ ಶಾಲೆಯೊಂದರಲ್ಲಿ, “ಇವನಿಗೇನು ತಿಳಿಯುತ್ತೆ ಹೇಳಿ” ಎಂದು ವಾಪಸು ಕಳಿಸಿದ್ದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇಂಥ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ ಎಂದು ನನಗೆ ತಿಳಿಸಿದವರು, ಆಮೇಲೆ ಮನೆಗೇ ಬಂದು ಪಾಠ ಹೇಳತೊಡಗಿದ ಮೇಡಂ. ಮುಂಬೈಯಲ್ಲಿ ಮಿಥು ಆಲೂರ್ ಎಂಬ ತಾಯಿ 1970ರ ದಶಕದಲ್ಲೇ ಇಂಥ ಮಕ್ಕಳಿಗಾಗಿ ಶಾಲೆ ತೆರೆದರು, ಅವರ ಮಗಳು ಮಾಲಿನಿ ಚಿಬ್ ಒಂದೇ ಬೆರಳಿನಲ್ಲಿ ಟೈಪು ಮಾಡಿ ಪುಸ್ತಕ ಬರೆದರು ಎಂದೂ ಅವರೇ ಹೇಳಿದ್ದು. ಪುಟ್ಟನಿಗೆ ಆ ಒಂದು ಬೆರಳೂ ಇರಲಿಲ್ಲ. ಮೇಡಂ ಅರ್ಧ ಗಂಟೆ ಸುಮ್ಮನೆ ಅವನ ಎದುರು ಕೂತರು. ಆಮೇಲೆ, “ಅಮ್ಮಾ, ಇವನು ಹೌದು ಅಂತಾನೆ, ನೀವು ನೋಡಿಲ್ಲ” ಎಂದರು. ಬೇಕೆಂದರೆ ಕಣ್ಣು ಮೇಲೆತ್ತುತ್ತಿದ್ದ. ಬೇಡವೆಂದರೆ ಗಟ್ಟಿಯಾಗಿ ಮುಚ್ಚುತ್ತಿದ್ದ. ಆರು ವರ್ಷದಿಂದ ಅವನ ಹಲ್ಲುಜ್ಜಿ, ತಲೆ ಬಾಚಿ, ಅಂಗಿ ತೊಡಿಸಿದ ನಾನು ಒಂದು ದಿನವೂ “ಯಾವ ಅಂಗಿ?” ಎಂದು ಕೇಳಿರಲಿಲ್ಲ. ಕೇಳದವರಿಗೆ ಉತ್ತರ ಕಾಣುವುದಾದರೂ ಹೇಗೆ?

ಆಮೇಲೆ ಕೇಳುವುದೇ ನಮ್ಮ ಮನೆಯ ಪಾಠವಾಯಿತು. ಉತ್ತರಕ್ಕೆ ಕಾಯಬೇಕಿತ್ತು, ಅವನ ಕಣ್ಣಿಗೂ ಮೈಯ ಬಿಗಿತ ದಾಟಿ ಬರಲು ಹೊತ್ತು ಬೇಕು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಿದ್ದೆ. ರವಿಕೆಗೆ ದಾರ ಹೊಂದಿಸುವಾಗ ಎರಡು ಉಂಡೆ ಹಿಡಿದು ತೋರಿಸಿದರೆ ಒಂದರ ಮೇಲೆ ಕಣ್ಣು ನೆಡುತ್ತಿದ್ದ. ಗಿಳಿಹಸಿರಿಗೂ ಎಲೆಹಸಿರಿಗೂ ಇರುವ ವ್ಯತ್ಯಾಸ ಅವನಿಗೆ ನನಗಿಂತ ಚೆನ್ನಾಗಿ ತಿಳಿಯುತ್ತಿತ್ತು. ಒಮ್ಮೊಮ್ಮೆ ಬೇಕೆಂದೇ ತಪ್ಪು ಬಣ್ಣ ನೋಡಿ, ನಾನು ಸೂಜಿಗೆ ಪೋಣಿಸಿದ ಮೇಲೆ ಕೇಕೆ ಹಾಕುತ್ತಿದ್ದ. ನಾಲಗೆ ಹೊರಳದ ಹುಡುಗ ತಮಾಷೆ ಮಾಡಬಲ್ಲ ಎಂಬುದು ನನಗೆ ಯಾವ ಆಸ್ಪತ್ರೆಯ ಚೀಟಿಯಲ್ಲೂ ಸಿಕ್ಕಿರಲಿಲ್ಲ. ಸಂಜೆ ಹಾಸನದ ಕಡೆಯ ರೈಲು ಕೂಗಿದರೆ ಹೊರಗೆ ಕರೆದೊಯ್ಯಬೇಕು. ಮರೆತರೆ ಊಟಕ್ಕೆ ಬಾಯಿ ತೆರೆಯುತ್ತಿರಲಿಲ್ಲ.

ಅವನಿಗೆ ಒಂಬತ್ತಾಗಿದ್ದಾಗ ಹಿರಿಯ ಸಂಬಂಧಿಕರೊಬ್ಬರು ಮನೆಗೆ ಬಂದರು. ಕುರ್ಚಿಯ ಮುಂದೆ ಬಗ್ಗಿ, ಅವನ ಕೆನ್ನೆ ಸವರಿ, “ಏನೋ ಮರಿ, ಇಷ್ಟೆಲ್ಲ ಪಡೋದಕ್ಕಿಂತ ದೇವರ ಹತ್ರ ಹೋಗ್ಬಿಡೋದು ಒಳ್ಳೇದಲ್ವೇನೋ?” ಎಂದರು. ಉತ್ತರ ಬರುತ್ತದೆಂದು ಕೇಳಿದ ಪ್ರಶ್ನೆಯಲ್ಲ. ಪುಟ್ಟ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. “ಪಾಪ, ನಿದ್ದೆ ಬಂತು” ಎಂದು ಅವರು ಎದ್ದರು. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿ ಗೋಡೆ ಹಿಡಿದು ನಿಂತೆ.

ಹನ್ನೊಂದನೆಯ ವರ್ಷದ ಮಳೆಗಾಲದಲ್ಲಿ ನ್ಯುಮೋನಿಯಾ ಬಂತು. ಒಂಬತ್ತು ದಿನ ಹೋರಾಡಿದ.

ಈಗ ಇಂಥ ಮಕ್ಕಳ ತಾಯಂದಿರು ಯಾರಾದರೂ ಸಿಕ್ಕರೆ, ನಡೆಯುತ್ತಾನಾ, ಮಾತು ಬರುತ್ತಾ ಎಂದು ಕೇಳುವುದಿಲ್ಲ. “ನಿಮ್ಮ ಮಗು ಹೌದು ಅನ್ನೋದು ಹೇಗೆ?” ಎಂದು ಕೇಳುತ್ತೇನೆ. ಗೊತ್ತಿಲ್ಲವೆಂದರೆ, ಮೊದಲು ಅದನ್ನು ಹುಡುಕಿ ಎನ್ನುತ್ತೇನೆ.

ಮೊನ್ನೆ ರವಿಕೆಯ ಅಳತೆ ಕೊಡಲು ಬಂದಾಕೆ ಖಾಲಿ ಕುರ್ಚಿ ನೋಡಿ ಮತ್ತೆ ಅದೇ ಬಿಡುಗಡೆಯ ಮಾತೆತ್ತಿದಳು. ಈ ಸಲ ತಲೆಯಾಡಿಸಲಿಲ್ಲ. “ಅವನನ್ನ ಒಂದ್ಸಲ ಕೇಳಿದ್ರು ಕಣವ್ವಾ,” ಎಂದೆ. “ಬೇಡ ಅಂದಿದ್ದ.”