ಕಲ್ಪಿತ ಯಂತ್ರದ ಆರಂಭದೋಷಗಳು: ಒಂದು ವಿವೇಚನೆ

ಬೆಂಗಳೂರಿನ ಚಾಮರಾಜಪೇಟೆಗೂ ಕನ್ನಡದ ಅಚ್ಚಿನ ಅಕ್ಷರಕ್ಕೂ ಇರುವ ನಂಟು ಬಹು ಹಳೆಯದು. ೧೯೧೫ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಮಂದಿರವಿರುವುದು ಈ ಪೇಟೆಯ ಪಂಪಮಹಾಕವಿ ರಸ್ತೆಯಲ್ಲಿ, ಬಿ.ಎಂ.ಶ್ರೀಯವರ ಹೆಸರಿನ ಅದರ ಅಚ್ಚುಕೂಟವನ್ನು ಹಿರಿಯ ವಾಚಕರು ಬಲ್ಲರು. ಅಚ್ಚುಮೊಳೆಗಳನ್ನು ಒಂದೊಂದಾಗಿ ಆಯ್ದು ಜೋಡಿಸುತ್ತಿದ್ದ ಕಾಲ ಮುಗಿದು, ಗಣಕಯಂತ್ರದ ಕೀಲಿಮಣೆಯಿಂದಲೇ ಪುಟ ಕಟ್ಟುವ ಕಾಲ ಬಂದಾಗ ಆ ಬದಲಾವಣೆಯನ್ನು ಎಲ್ಲರೂ ಲಾಭವೆಂದೇ ಎಣಿಸಿದರು. ಲಾಭವೂ ಹೌದು. ಆದರೆ ಅದರ ಬೆನ್ನಿಗೇ ಹೊಸ ಬಗೆಯ ನಷ್ಟವೊಂದೂ ಒಳಹೊಕ್ಕಿತು. ನೂರು ವರ್ಷಗಳ ಹಿಂದೆ ಅಚ್ಚಾದ ಪುಸ್ತಕವನ್ನು ಇಂದು ಕಪಾಟಿನಿಂದ ತೆಗೆದು ಓದಬಹುದು. ೨೦೦೨ರಲ್ಲಿ ಗಣಕದಲ್ಲಿ ಕಟ್ಟಿದ ಪುಟವನ್ನು ಇಂದಿನ ಗಣಕದಲ್ಲಿ ತೆರೆದರೆ ಒಂದಕ್ಷರವೂ ಓದಲು ಬಾರದೆ ಹೋಗಬಹುದು.

ಇದಕ್ಕೆ ಕಾರಣ ಸರಳವಾದುದು. ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತವ್ಯವಸ್ಥೆಯಲ್ಲಿ ೧೯೯೧ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅದು ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಕರ್ನಾಟಕ ಸರ್ಕಾರ ಅದನ್ನು ಶಿಷ್ಟತೆಯಾಗಿ ಅಂಗೀಕರಿಸಿದ್ದು ೨೦೧೨ರಲ್ಲಿ. ಅಲ್ಲಿಯವರೆಗೆ ನುಡಿ, ಬರಹ, ಶ್ರೀಲಿಪಿ, ಆಕೃತಿ ಮೊದಲಾದ ತಂತ್ರಾಂಶಗಳ ಅಕ್ಷರವಿನ್ಯಾಸಗಳು ಲ್ಯಾಟಿನ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಅಕ್ಷರಖಂಡಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. ಅಕ್ಷರವಿನ್ಯಾಸ ಇಲ್ಲದ ಯಂತ್ರದಲ್ಲಿ ಅಂತಹ ಕಡತ ತೆರೆದರೆ, ಕನ್ನಡವಿದ್ದ ಎಡೆಯಲ್ಲಿ ಚುಕ್ಕೆ ಗೀಟುಗಳನ್ನು ಹೊತ್ತ ಲ್ಯಾಟಿನ್ ಅಕ್ಷರಗಳ ಸಂತೆ ಕಾಣುತ್ತದೆ. ಪುಟವಿನ್ಯಾಸಕ್ಕೆ ಬಳಕೆಯಲ್ಲಿದ್ದ ಪೇಜ್‌ಮೇಕರಿನ ಕಥೆಯೂ ಇಂತಹುದೇ. ೨೦೦೧ರಲ್ಲಿ ಬಂದ ಅದರ ಏಳನೆಯ ಆವೃತ್ತಿಯೇ ಕೊನೆಯದು. ಶಾಲೆಗಳ ಸಂಸ್ಮರಣ ಸಂಚಿಕೆಗಳು, ದತ್ತಿನಿಧಿಗಳ ಪಟ್ಟಿಗಳು, ನಿವೃತ್ತ ಅಧ್ಯಾಪಕರ ಲೇಖನಗಳು ಎಷ್ಟೋ ಕಡೆ ಇಂತಹ ಕಡತಗಳಲ್ಲಿಯೇ ಮುಚ್ಚಿಹೋಗಿವೆ.

ಇವನ್ನು ತೆರೆಯಲು ಹಳೆಯ ಗಣಕವೇ ಬೇಕು. ಹಳೆಯ ಗಣಕವೋ ಕೆಟ್ಟು ಮೂಲೆ ಸೇರಿರುತ್ತದೆ. ಈ ಇಕ್ಕಟ್ಟಿಗೆ ಒದಗಿಬಂದ ಉಪಾಯವೇ ವರ್ಚುಯಲ್ ಮೆಷಿನ್. ಇದನ್ನು ಕಲ್ಪಿತ ಯಂತ್ರವೆಂದು ಕರೆಯಬಹುದು. ಹೊಸ ಗಣಕದ ಒಳಗೆ ತಂತ್ರಾಂಶದ ಬಲದಿಂದ ಇನ್ನೊಂದು ಗಣಕವನ್ನು ನಿರ್ಮಿಸಿ, ಅದರಲ್ಲಿ ಹಳೆಯ ವಿಂಡೋಸ್ ಎಕ್ಸ್‌ಪಿಯನ್ನು ನಡೆಸುವುದು ಇದರ ಕ್ರಮ. ಒಳಗಿನ ವಿಂಡೋಸಿಗೆ ತಾನು ನಿಜವಾದ ಯಂತ್ರದಲ್ಲಿದ್ದೇನೆಂಬ ಭಾವನೆ. ಹೊಸ ವಿದ್ಯೆಯೆಂದು ತೋರಿದರೂ ಇದು ಹಾಗಲ್ಲ, ಐ.ಬಿ.ಎಂ. ಸಂಸ್ಥೆ ೧೯೭೨ರಲ್ಲಿಯೇ ತನ್ನ ದೊಡ್ಡ ಗಣಕಗಳಿಗೆ ಈ ಸೌಕರ್ಯವನ್ನು ಪ್ರಕಟಿಸಿತ್ತು. ಮೇಜಿನ ಗಣಕಗಳಿಗೆ ೧೯೯೯ರಲ್ಲಿ ವಿಎಂವೇರ್, ೨೦೦೭ರಲ್ಲಿ ವರ್ಚುಯಲ್‌ಬಾಕ್ಸ್ ಬಂದವು. ಎರಡನೆಯದು ಉಚಿತವಾಗಿ ದೊರೆಯುವುದರಿಂದ ಶಾಲೆಗಳಿಗೆ ಅನುಕೂಲ.

ಈಗ ದೃಷ್ಟಾಂತಕ್ಕಾಗಿ ಒಂದು ಶಾಲೆಯ ಕಛೇರಿಯನ್ನು ಭಾವಿಸಿಕೊಳ್ಳಬಹುದು. ಸುವರ್ಣ ಮಹೋತ್ಸವದ ಸಂಚಿಕೆ ಅಚ್ಚಿಗೆ ಹೋಗಬೇಕು. ರಜತೋತ್ಸವದಲ್ಲಿ ಕೊಠಡಿ ಕಟ್ಟಿಸಿಕೊಟ್ಟ ದಾನಿಗಳ ಪಟ್ಟಿ ಹಳೆಯ ಗಣಕದಲ್ಲಿತ್ತು. ಆ ಗಣಕದ ಡಿಸ್ಕಿನ ಪ್ರತಿಬಿಂಬವನ್ನು ತೆಗೆದು ಹೊಸ ಗಣಕದ ವರ್ಚುಯಲ್‌ಬಾಕ್ಸಿನಲ್ಲಿ ಇರಿಸಲಾಗಿದೆ. ಗುಂಡಿ ಒತ್ತಿದರೆ ಯಂತ್ರ ಏಳುವುದಿಲ್ಲ. ಕಪ್ಪು ತೆರೆ, ಒಂದು ಸಾಲು ಇಂಗ್ಲಿಷು, ಅಷ್ಟೆ. ಇಂತಹ ಸಮಯದಲ್ಲಿ ಎಲ್ಲಿಂದಲೋ ಬರುವ ಮೊದಲನೆಯ ಸಲಹೆ, ಎಲ್ಲವನ್ನೂ ಅಳಿಸಿ ವಿಂಡೋಸನ್ನು ಮತ್ತೆ ಹಾಕಿರಿ ಎಂಬುದು. ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ವಿಂಡೋಸ್ ಮತ್ತೆ ಬಂದೀತು. ದಾನಿಗಳ ಪಟ್ಟಿ ಬಾರದು.

ಗ್ರಂಥಸಂಪಾದಕರು ಓಲೆಯ ಮೂಲಪ್ರತಿಯ ಮೇಲೆ ಎಂದೂ ತಿದ್ದುವುದಿಲ್ಲ. ಪ್ರತಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡುತ್ತಾರೆ. ಇಲ್ಲಿಯೂ ಅದೇ ನ್ಯಾಯ. ಕಲ್ಪಿತ ಯಂತ್ರದ ಡಿಸ್ಕ್ ಎಂಬುದು ವಾಸ್ತವವಾಗಿ ಹೊಸ ಗಣಕದೊಳಗಿನ ಒಂದು ದೊಡ್ಡ ಕಡತ ಮಾತ್ರ. ಯಂತ್ರವನ್ನು ಪೂರ್ಣವಾಗಿ ನಿಲ್ಲಿಸಿ, ಆ ಕಡತವಿರುವ ಇಡೀ ಕೋಶವನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ ತೆಗೆದಿಡಬೇಕು. ಚಿಕಿತ್ಸೆ ಅನಂತರ.

ಚಿಕಿತ್ಸೆಗೆ ಮುನ್ನ ಯಂತ್ರ ಏಳುವ ಕ್ರಮವನ್ನು ಅರಿಯಬೇಕು. ಈ ಕ್ರಿಯೆಗೆ ಬೂಟ್ ಎಂಬ ಹೆಸರು ಬಂದ ಬಗೆ ಸ್ವಾರಸ್ಯವಾಗಿದೆ. ತಾನು ತೊಟ್ಟ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲಕ್ಕೆತ್ತಿಕೊಳ್ಳುವವನ ಚಿತ್ರ ಅದರ ಹಿಂದಿದೆ. ಅಸಂಭವವೆಂದು ನಗುವಂತಿಲ್ಲ, ಗಣಕ ಮಾಡುವುದು ಅದನ್ನೇ. ಮೊದಲು ಬಯೋಸ್ ಎಂಬ ಪುಟ್ಟ ಕ್ರಮವಿಧಿ ಎಚ್ಚರಗೊಂಡು ಡಿಸ್ಕ್ ಯಾವುದೆಂದು ಹುಡುಕುತ್ತದೆ. ಡಿಸ್ಕಿನ ಮೊಟ್ಟಮೊದಲ ೫೧೨ ಬೈಟುಗಳನ್ನು ಓದುತ್ತದೆ. ಆ ಪುಟ್ಟ ಖಂಡವು ತನಗಿಂತ ದೊಡ್ಡದಾದ ಲೋಡರನ್ನು ಕರೆಯುತ್ತದೆ, ಎಕ್ಸ್‌ಪಿಯಲ್ಲಿ ಇದರ ಹೆಸರು ಎನ್‌ಟಿಎಲ್‌ಡಿಆರ್. ಅದು ವಿಂಡೋಸಿನ ತಿರುಳನ್ನೂ ಡಿಸ್ಕನ್ನು ನಡೆಸುವ ಚಾಲಕಗಳನ್ನೂ ಕರೆತರುತ್ತದೆ. ಚಿಕ್ಕದು ದೊಡ್ಡದನ್ನು ಎಬ್ಬಿಸುವ ಸರಪಳಿ ಇದು. ಆದುದರಿಂದ ಕೇಳಬೇಕಾದ ಪ್ರಶ್ನೆ, ಏಕೆ ಏಳಲಿಲ್ಲವೆಂಬುದಲ್ಲ, ಯಾವ ಕೊಂಡಿಯವರೆಗೆ ಬಂದು ನಿಂತಿತು ಎಂಬುದು. ತೆರೆಯ ಮೇಲಿನ ಆ ಒಂದು ಸಾಲನ್ನು ಅಕ್ಷರಶಃ ಬರೆದಿಟ್ಟುಕೊಳ್ಳಬೇಕು.

ಕಲ್ಪಿತ ಯಂತ್ರದ ಕಿಟಕಿಯೇ ತೆರೆಯದಿದ್ದರೆ ದೋಷ ಒಳಗಿನ ವಿಂಡೋಸಿನದಲ್ಲ, ಹೊರಗಿನ ಗಣಕದ್ದು. ಸಂಸ್ಕಾರಕದಲ್ಲಿ ಇಂತಹ ಯಂತ್ರಗಳಿಗೆಂದೇ ಇರುವ ಶಕ್ತಿ, ಇಂಟೆಲ್‌ನಲ್ಲಿ ವಿಟಿ-ಎಕ್ಸ್, ಎಎಂಡಿಯಲ್ಲಿ ಎಎಂಡಿ-ವಿ, ಹೊರಗಿನ ಗಣಕದ ಬಯೋಸಿನಲ್ಲಿ ಮುಚ್ಚಿರಬಹುದು. ಅಲ್ಲಿ ಹೋಗಿ ತೆರೆಯಬೇಕು. ಹೊರಗಿನ ವಿಂಡೋಸಿನ ಹೈಪರ್-ವಿ ಆ ಶಕ್ತಿಯನ್ನು ಮೊದಲೇ ವಶಪಡಿಸಿಕೊಂಡಿದ್ದರೆ ಕಿಟಕಿಯ ಕೆಳಗಡೆ ಹಸುರು ಆಮೆಯೊಂದು ಕಾಣಿಸುತ್ತದೆ. ಯಂತ್ರ ಎದ್ದರೂ ನಡಿಗೆ ಆಮೆಯದೇ.

ಬೂಟ್ ಮಾಡಬಲ್ಲ ಮಾಧ್ಯಮ ಸಿಗಲಿಲ್ಲವೆಂಬ ಸಾಲು ಬಂದರೆ ಗಾಬರಿಪಡಬೇಕಾದುದಿಲ್ಲ. ಬಹುಮಟ್ಟಿಗೆ ಡಿಸ್ಕಿನ ಕಡತವನ್ನು ಯಂತ್ರಕ್ಕೆ ಜೋಡಿಸಿರುವುದಿಲ್ಲ, ಇಲ್ಲವೆ ಕಡತವನ್ನು ಯಾರೋ ಬೇರೆ ಕೋಶಕ್ಕೆ ಸಾಗಿಸಿರುತ್ತಾರೆ. ಎನ್‌ಟಿಎಲ್‌ಡಿಆರ್ ಕಾಣೆಯಾಗಿದೆ ಎಂದರೆ ಎರಡನೆಯ ಕೊಂಡಿಯವರೆಗೆ ಬಂದಂತಾಯಿತು. ಎಕ್ಸ್‌ಪಿಯ ಮೂಲ ಸಿ.ಡಿ.ಯಿಂದ ರಿಕವರಿ ಕನ್ಸೋಲನ್ನು ತೆರೆದು ಆ ಕಡತವನ್ನು ಮತ್ತೆ ನಕಲು ಮಾಡಿದರೆ ಸಾಕಾಗುವುದುಂಟು. ಯಂತ್ರದ ಹೊಂದಾಣಿಕೆಗಳಲ್ಲಿ ಇಎಫ್ಐ ಎಂಬ ಹೊಸ ಬಗೆಯ ಆರಂಭಕ್ಕೆ ಗುರುತು ಹಾಕಿದ್ದರೆ ಅದನ್ನು ತೆಗೆಯಬೇಕು. ಎಕ್ಸ್‌ಪಿಗೆ ಆ ಭಾಷೆ ಬಾರದು.

ಇವೆಲ್ಲಕ್ಕಿಂತ ಹೆಚ್ಚಾಗಿ ಜನರನ್ನು ಹಣ್ಣುಮಾಡುವುದು ನೀಲಿ ತೆರೆ. ವಿಂಡೋಸಿನ ಲಾಂಛನ ಮೂಡುತ್ತದೆ, ಇನ್ನೇನು ಎದ್ದಿತೆನ್ನುವಷ್ಟರಲ್ಲಿ ತೆರೆ ನೀಲಿಯಾಗಿ, ಸೊನ್ನೆಗಳ ಸಾಲಿನ ಕೊನೆಗೆ ೭ಬಿ ಎಂಬ ಸಂಕೇತ ಕಾಣಿಸುತ್ತದೆ. ಆರಂಭದ ಡಿಸ್ಕನ್ನು ಮುಟ್ಟಲಾಗುತ್ತಿಲ್ಲವೆಂದು ಇದರ ಅರ್ಥ. ನೋಡಿದವರು ಡಿಸ್ಕ್ ಹಾಳಾಯಿತೆಂದು ಕೈಬಿಡುತ್ತಾರೆ. ಆದರೆ ಡಿಸ್ಕ್ ಹಾಳಾಗಿದ್ದರೆ ಲೋಡರು ಅದೇ ಡಿಸ್ಕಿನಿಂದ ಲಾಂಛನದವರೆಗೆ ತಂದಿದ್ದು ಹೇಗೆ? ಲೋಡರು ಓದುವುದು ಬಯೋಸಿನ ಸಹಾಯದಿಂದ. ವಿಂಡೋಸ್ ಎದ್ದ ಮೇಲೆ ಬಯೋಸನ್ನು ಬಿಟ್ಟು ತನ್ನದೇ ಚಾಲಕದಿಂದ ಓದಬೇಕು. ಆ ಕೈಬದಲಿನ ಕ್ಷಣದಲ್ಲಿಯೇ ಎಡವಿದೆ. ಹಳೆಯ ಗಣಕದಲ್ಲಿ ಡಿಸ್ಕನ್ನು ನಡೆಸುತ್ತಿದ್ದ ಐಡಿಇ ನಿಯಂತ್ರಕದ ಚಾಲಕ ಮಾತ್ರ ಎಕ್ಸ್‌ಪಿಗೆ ಪರಿಚಿತ. ಕಲ್ಪಿತ ಯಂತ್ರದಲ್ಲಿ ಡಿಸ್ಕನ್ನು ಸಾಟಾ ನಿಯಂತ್ರಕಕ್ಕೆ ಜೋಡಿಸಿದ್ದರೆ ಅದು ದಿಕ್ಕು ತಪ್ಪುತ್ತದೆ. ತಾರ್ಕಿಕರ ಅನ್ವಯವ್ಯತಿರೇಕ ಇಲ್ಲಿ ಸೊಗಸಾಗಿ ಒದಗುತ್ತದೆ. ಡಿಸ್ಕನ್ನು ಸಾಟಾದಿಂದ ಬಿಡಿಸಿ ಐಡಿಇಗೆ ಜೋಡಿಸಿ ನೋಡಬೇಕು, ಬೇರೇನನ್ನೂ ಬದಲಿಸಬಾರದು. ಎದ್ದರೆ ಕಾರಣ ನಿಶ್ಚಿತ. ಏಳದಿದ್ದರೆ ಐಡಿಇಯ ಚಾಲಕವೇ ಹಳೆಯ ಗಣಕದ ತಯಾರಕರದಾಗಿರಬೇಕು. ಹಳೆಯ ಗಣಕ ಇನ್ನೂ ಉಸಿರಾಡುತ್ತಿದ್ದರೆ ಅದರಲ್ಲಿ ವಿಂಡೋಸಿನ ಸಾಮಾನ್ಯ ಐಡಿಇ ಚಾಲಕವನ್ನು ಹಾಕಿ ಮತ್ತೊಮ್ಮೆ ಪ್ರತಿಬಿಂಬ ತೆಗೆಯಬೇಕಾಗುತ್ತದೆ. ಒಂದೇ ಬಾರಿಗೆ ನಾಲ್ಕು ಹೊಂದಾಣಿಕೆಗಳನ್ನು ಬದಲಿಸುವವರು ಯಂತ್ರ ಎದ್ದರೂ ಏಕೆ ಎದ್ದಿತೆಂದು ತಿಳಿಯರು.

ಇನ್ನು ಸ್ನ್ಯಾಪ್‌ಶಾಟ್ ಎಂಬ ಸೌಕರ್ಯ. ಯಂತ್ರದ ಒಂದು ಹೊತ್ತಿನ ಸ್ಥಿತಿಯನ್ನು ಹಿಡಿದಿಡಲು ಇದು ನೆರವಾಗುತ್ತದೆ. ಆದರೆ ಹಿಡಿದ ಮೇಲೆ ಬರೆದುದೆಲ್ಲ ಬೇರೊಂದು ಕಡತಕ್ಕೆ ಹೋಗಿ, ಅದು ಮೂಲವನ್ನು ಅವಲಂಬಿಸಿ ನಿಲ್ಲುತ್ತದೆ. ಮೂಲ ಗ್ರಂಥವಿಲ್ಲದೆ ಟೀಕೆ ಮಾತ್ರ ಕೈಯಲ್ಲಿದ್ದಂತೆ ಅದೊಂದೇ ನಿಷ್ಪ್ರಯೋಜಕ. ಜಾಗ ಉಳಿಸಲೆಂದು ನಡುವಿನ ಒಂದು ಕಡತವನ್ನು ಕೈಯಾರೆ ಅಳಿಸಿದರೆ ಸರಪಳಿಯೇ ಹರಿಯುತ್ತದೆ. ಹೊರಗಿನ ಡಿಸ್ಕ್ ತುಂಬಿದಾಗಲೂ ಯಂತ್ರ ನಡುವೆಯೇ ನಿಲ್ಲುವುದುಂಟು, ಏಕೆಂದರೆ ಕಲ್ಪಿತ ಡಿಸ್ಕು ಬಳಸಿದಷ್ಟೂ ಬೆಳೆಯುತ್ತದೆ. ಏನೂ ಗೊತ್ತಾಗದಿದ್ದರೆ ಯಂತ್ರದ ಕೋಶದಲ್ಲಿರುವ ದಿನಚರಿ ಕಡತವನ್ನು ಓದಬೇಕು. ಓದುವವರು ಕಡಮೆ, ಆದರೆ ಉತ್ತರ ಬಹುತೇಕ ಅದರ ಕೊನೆಯ ಪುಟದಲ್ಲಿರುತ್ತದೆ.

ಯಂತ್ರ ಎದ್ದೊಡನೆ ಅದರ ಜಾಲಸಂಪರ್ಕವನ್ನು ಕಡಿಯಬೇಕು. ೨೦೧೪ರ ಏಪ್ರಿಲ್ ೮ರಿಂದೀಚೆಗೆ ಎಕ್ಸ್‌ಪಿಗೆ ರಕ್ಷಣೆಯ ಪರಿಷ್ಕರಣಗಳು ನಿಂತಿವೆ. ಅನಂತರ ಪುಟಗಳನ್ನು ಪಿ.ಡಿ.ಎಫ್. ಆಗಿ ಹೊರತೆಗೆದು, ಪಠ್ಯವನ್ನು ಪರಿವರ್ತಕದಿಂದ ಯೂನಿಕೋಡಿಗೆ ತರಬೇಕು. ಹಳೆಯ ಸಂಕೇತದಲ್ಲಿ ಅರ್ಕಾವತ್ತು ವ್ಯಂಜನದ ಅನಂತರ ಬರುವುದರಿಂದ ಪರಿವರ್ತಕಗಳು ಅಲ್ಲಲ್ಲಿ ತಪ್ಪುತ್ತವೆ. ದಾನಿಗಳ ಪಟ್ಟಿಯಲ್ಲಿ ಪಾರ್ವತಮ್ಮ, ದುರ್ಗಪ್ಪ, ಧರ್ಮಪ್ಪ ಎಂಬಂಥ ಹೆಸರುಗಳನ್ನು ಆ ಪಿ.ಡಿ.ಎಫ್. ಪುಟದೊಡನೆ ಒಂದೊಂದಾಗಿ ಹೋಲಿಸಿ ನೋಡಿದ ಮೇಲೆಯೇ ಅಚ್ಚಿಗೆ ಕಳುಹಿಸಬೇಕು.