ಸಭಾಧ್ಯಕ್ಷ ಪೀಠದಲ್ಲಿ ಗುಂಡ್ಲುಪೇಟೆಯ ಮಹಿಳೆ

ನಮ್ಮ ವಿಧಾನಸಭೆಯ ಚರಿತ್ರೆಯನ್ನು ಓದುವ ವಿದ್ಯಾರ್ಥಿಗೆ ಶ್ರೀಮತಿ ಕೆ. ಎಸ್. ನಾಗರತ್ನಮ್ಮನವರ ಹೆಸರು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಎದುರಾಗುತ್ತದೆ: ರಾಜ್ಯದ ಪ್ರಥಮ ಮಹಿಳಾ ಸಭಾಧ್ಯಕ್ಷರು, 1972–78. ಪರೀಕ್ಷೆಗೆ ಇಷ್ಟು ಸಾಕು. ಆದರೆ ಅವರು ಆ ಪೀಠಕ್ಕೆ ಯಾವ ಹಾದಿಯಿಂದ ಬಂದರೆಂದು ವಿಚಾರಿಸದೆ ಈ ಸಾಲಿನ ತೂಕ ತಿಳಿಯದು.

ಗುಂಡ್ಲುಪೇಟೆಯು ಆಗ ಮೈಸೂರು ಜಿಲ್ಲೆಯ ತೆಂಕಣ ಅಂಚಿನ ತಾಲ್ಲೂಕು; 1997ರಿಂದ ಚಾಮರಾಜನಗರ ಜಿಲ್ಲೆಗೆ ಸೇರಿದೆ. ಒಂದು ಕಡೆ ಬಂಡೀಪುರದ ಕಾಡು ಮತ್ತು ಉದಕಮಂಡಲದ ಹೆದ್ದಾರಿ, ಇನ್ನೊಂದು ಕಡೆ ಮಳೆಯನ್ನೇ ನಂಬಿದ ಹೊಲಗಳು. ಈ ಕ್ಷೇತ್ರದ ರೈತಾಪಿ ಜನ 1957ರಲ್ಲಿ, ಎಂದರೆ ವಿಶಾಲ ಮೈಸೂರು ರಾಜ್ಯದ ಮೊದಲ ಚುನಾವಣೆಯಲ್ಲಿಯೇ, ನಾಗರತ್ನಮ್ಮನವರನ್ನು ಆರಿಸಿ ಕಳುಹಿಸಿದರು. ಮುಂದೆ 1962, 1967, 1972, 1983, 1985 ಮತ್ತು 1989ರಲ್ಲಿಯೂ ಅವರೇ ಗೆದ್ದರು. ಒಟ್ಟು ಏಳು ಬಾರಿ. ಆಗ ವಿಧಾನಸಭೆಯಲ್ಲಿ ಮಹಿಳೆಯರಿಗೆ ಮೀಸಲಾತಿ ಇರಲಿಲ್ಲ. ನನ್ನ ಅವ್ವ ಇಂದಿಗೂ ಮತ ಹಾಕಲು ಹೊರಡುವ ಮುನ್ನ ಮನೆಯ ಗಂಡಸರನ್ನು ಗುರುತು ಯಾವುದೆಂದು ಕೇಳುತ್ತಾಳೆ. ಅಂಥ ಮನೆಗಳೇ ತುಂಬಿದ ನಾಡಿನಲ್ಲಿ ಗಂಡಸರ ಮತವನ್ನೂ ಪಡೆಯದೆ ಹೆಣ್ಣುಮಗಳೊಬ್ಬಳು ಏಳು ಸಲ ಗೆಲ್ಲುವುದು ಹೇಗೆ?

ಸಭಾಧ್ಯಕ್ಷರ ಕೆಲಸವೇನೆಂಬುದನ್ನು ಇಲ್ಲಿ ತುಸು ವಿವರಿಸಬೇಕು. (ವಿಧಾನಸಭೆಗೆ ಸಭಾಧ್ಯಕ್ಷರು, ವಿಧಾನ ಪರಿಷತ್ತಿಗೆ ಸಭಾಪತಿಗಳು, ನಮ್ಮಲ್ಲಿ ಅನೇಕರು ಇದನ್ನು ಅದಲುಬದಲು ಮಾಡುವುದುಂಟು.) ಸದಸ್ಯರೆಲ್ಲರೂ ಪೀಠವನ್ನು ಸಂಬೋಧಿಸಿಯೇ ಮಾತನಾಡತಕ್ಕದ್ದು; ಮಂತ್ರಿಯಾದರೂ ಅಷ್ಟೆ. ಒಂದು ಮಸೂದೆ ಹಣಕಾಸಿನದೇ ಅಲ್ಲವೇ ಎಂಬುದಕ್ಕೆ ಸಭಾಧ್ಯಕ್ಷರ ತೀರ್ಮಾನವೇ ಕಡೆಯದು. ಅವರು ಮೊದಲಿಗೆ ಮತ ಹಾಕುವಂತಿಲ್ಲ. ಮತಗಳು ಸಮನಾದರೆ ಮಾತ್ರ ನಿರ್ಣಾಯಕ ಮತ ಅವರದು. ಸಭೆ ವಿಸರ್ಜನೆಯಾದರೂ ಆ ಸ್ಥಾನ ಒಡನೆಯೇ ತೆರವಾಗುವುದಿಲ್ಲ, ಹೊಸ ಸಭೆ ಸೇರುವವರೆಗೆ ಮುಂದುವರಿಯುತ್ತದೆ. 1977ರ ಕೊನೆಯಲ್ಲಿ ಸಭೆ ವಿಸರ್ಜಿತವಾದರೂ ನಾಗರತ್ನಮ್ಮನವರ ಅವಧಿ 1978ರವರೆಗೆ ನಡೆದುದು ಈ ಕಾರಣದಿಂದ.

ಅದು ಶಾಂತವಾದ ಅವಧಿಯಲ್ಲ. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದ ಕಾಲ. 1973ರ ನವೆಂಬರ್ 1ರಂದು ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದಿತು. ಗೇಣಿದಾರನಿಗೆ ಉಳುವ ನೆಲದ ಒಡೆತನ ಕೊಡುವ ಭೂಸುಧಾರಣಾ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದಿತು. ಮುಂದಿನ ವರ್ಷ ತುರ್ತು ಪರಿಸ್ಥಿತಿ. ಜಮೀನು ಉಳ್ಳವರೂ ಉಳುವವರ ಪರವಾದವರೂ ಎದುರುಬದುರು ಕುಳಿತ ಸಭೆಯನ್ನು ನಡೆಸುವುದು ಪಟದಲ್ಲಿ ಕಾಣುವಷ್ಟು ಅಲಂಕಾರದ ಕೆಲಸವಾಗಿರಲಾರದು.

1978ರ ಬಳಿಕ ಐದು ವರ್ಷ ಅವರು ಸಭೆಯ ಹೊರಗಿದ್ದರು. ಮರಳಿ ಬಂದ ಮೇಲೆ ವಿರೋಧ ಪಕ್ಷದ ನಾಯಕತ್ವವನ್ನೂ ವಹಿಸಿದರು. ಮಾತನಾಡಲು ಇತರರಿಗೆ ಅಪ್ಪಣೆ ಕೊಡುತ್ತಿದ್ದವರು ಈಗ ಎದ್ದು ನಿಂತು ಅಪ್ಪಣೆ ಕೇಳುವವರಾದರು. ಅವರ ಜೀವನದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಪೀಠಕ್ಕಿಂತಲೂ ಇದೇ. ದೊಡ್ಡ ಸ್ಥಾನದಿಂದ ಇಳಿದವರು ಬಹುಮಟ್ಟಿಗೆ ಮನೆ ಸೇರುತ್ತಾರೆ. ಅವರು 1993ರಲ್ಲಿ ನಿಧನರಾದರು.

ಗುಂಡ್ಲುಪೇಟೆ ಮತ್ತೊಬ್ಬ ಮಹಿಳೆಯನ್ನು ಆರಿಸಿದ್ದು 2017ರ ಉಪಚುನಾವಣೆಯಲ್ಲಿ, ಶ್ರೀಮತಿ ಗೀತಾ ಮಹದೇವಪ್ರಸಾದರನ್ನು. ಕರ್ನಾಟಕದ ಪಂಚಾಯಿತಿಗಳಲ್ಲಿ ಈಗ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಆದರೆ 2023ರಲ್ಲಿ ವಿಧಾನಸಭೆಯ 224 ಸ್ಥಾನಗಳಿಗೆ ಚುನಾಯಿತರಾದ ಮಹಿಳೆಯರು ಹತ್ತೇ ಮಂದಿ.